ಒಂಬತ್ತೂವರೆಯ ಭೂಕಂಪ ಮತ್ತು ನಮ್ಮ ‘ತೀವ್ರತೆ’: ಕನ್ನಡದ ಸಂಪಾದಕರಿಗೊಂದು ಬಹಿರಂಗ ಪತ್ರ

ಕನ್ನಡದ ಸುದ್ದಿವಾಹಿನಿಗಳ ಹಾಗೂ ದಿನಪತ್ರಿಕೆಗಳ ಸಂಪಾದಕರಲ್ಲಿ,

ಮಾನ್ಯರೇ,

2025ರ ಜುಲೈ 30ರ ಬುಧವಾರ, ನಮ್ಮ ಗಡಿಯಾರ ಬೆಳಗಿನ ಜಾವದ 4 ಗಂಟೆ 54 ನಿಮಿಷ ತೋರಿಸುತ್ತಿದ್ದಾಗ, ರಷ್ಯಾದ ಪೂರ್ವದಂಚಿನ ಕಮ್ಚಾಟ್ಕಾ ಕರಾವಳಿಯ ಕಡಲಡಿಯಲ್ಲಿ ನೆಲ ಬಿರಿಯಿತು. ಆ ಬೆಳಿಗ್ಗೆ ಕಲಬುರಗಿಯ ನನ್ನ ಮನೆಯಲ್ಲಿ ಚಹಾ ಕುಡಿಯುತ್ತ ಕನ್ನಡದ ಒಂದು ವಾಹಿನಿ ಹಚ್ಚಿದಾಗ, ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ‘ರಿಕ್ಟರ್ ಮಾಪಕದಲ್ಲಿ 8.0 ತೀವ್ರತೆ’ ಎಂದಿತ್ತು. ಸ್ವಲ್ಪ ಹೊತ್ತಿಗೆ ಅದು 8.7 ಆಯಿತು, ಆಮೇಲೆ 8.8. ನಿರೂಪಕರು ಮೂರೂ ಅಂಕಿಗಳನ್ನು ಒಟ್ಟುಗೂಡಿಸಿಕೊಂಡು, ಒಂದರ ಬೆನ್ನಿಗೊಂದರಂತೆ ಮೂರು ಮಹಾಕಂಪನಗಳಾದವೆಂದೂ ಪ್ರತಿಯೊಂದೂ ಹಿಂದಿನದಕ್ಕಿಂತ ಜೋರಾಗಿತ್ತೆಂದೂ ಏರುದನಿಯಲ್ಲಿ ಹೇಳಿದರು. ಆದದ್ದು ಒಂದೇ ಭೂಕಂಪ. ಅಳೆಯುವವರು ದೂರದೂರದ ಕೇಂದ್ರಗಳಿಂದ ಮಾಹಿತಿ ಬಂದಂತೆಲ್ಲ ತಮ್ಮ ಅಂದಾಜನ್ನು ತಿದ್ದಿಕೊಂಡಿದ್ದರು, ಅಷ್ಟೇ.

ಹೈಸ್ಕೂಲಿನಲ್ಲಿ ಮೂರು ದಶಕ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಕೆಂಪು ಶಾಯಿಯ ಚಟ ಇನ್ನೂ ಬಿಟ್ಟಿಲ್ಲವೆಂದು ಮನೆಯವರು ಆಡಿಕೊಳ್ಳುತ್ತಾರೆ. ಅದು ನಿಜವೇ ಇರಬಹುದು. ಆದರೆ ಈ ಪತ್ರವನ್ನು ಬರೆಯುತ್ತಿರುವುದು ಆ ಒಂದು ಬೆಳಗಿನ ಗೊಂದಲಕ್ಕಾಗಿ ಮಾತ್ರವಲ್ಲ. ದೊಡ್ಡ ಭೂಕಂಪವಾದಾಗಲೆಲ್ಲ ತಾವು ‘ಇತಿಹಾಸದ ಅತಿ ಪ್ರಬಲ ಭೂಕಂಪಗಳು’ ಎಂಬ ಪಟ್ಟಿಯನ್ನು ಪ್ರಕಟಿಸುತ್ತೀರಿ: 1960ರ ಚಿಲಿ 9.5, 1964ರ ಅಲಾಸ್ಕಾ 9.2, 2004ರ ಸುಮಾತ್ರಾ 9.1, 2011ರ ಜಪಾನ್ 9.1, 1952ರ ಕಮ್ಚಾಟ್ಕಾ 9.0. ಪಟ್ಟಿ ಸರಿಯಾಗಿಯೇ ಇದೆ. ಆದರೆ ಈ ಅಂಕಿಗಳು ಯಾವುದರ ಅಳತೆ, ಅವು ಎಷ್ಟು ತಡವಾಗಿ ನಮಗೆ ತಿಳಿಯುತ್ತವೆ, ಅವು ಯಾವುದನ್ನು ಹೇಳುವುದೇ ಇಲ್ಲ ಎಂಬುದನ್ನು ನಮ್ಮ ಓದುಗನಿಗೆ ಯಾರೂ ತಿಳಿಸಿಕೊಟ್ಟಿಲ್ಲ. ಈ ವಿಷಯ ತಿಳಿಯದೆ ಹೋದದ್ದಕ್ಕೆ ಜನ ಪ್ರಾಣ ತೆತ್ತ ಉದಾಹರಣೆಗಳಿವೆ.

ಮೊದಲು ‘ರಿಕ್ಟರ್ ಮಾಪಕ’ದ ಮಾತು. ಅಮೆರಿಕದ ಭೂಕಂಪ ವಿಜ್ಞಾನಿ ಚಾರ್ಲ್ಸ್ ರಿಕ್ಟರ್ 1935ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಭೂಕಂಪಗಳಿಗೆಂದು, ಅಲ್ಲಿ ಬಳಕೆಯಲ್ಲಿದ್ದ ಒಂದು ಬಗೆಯ ಕಂಪನಲೇಖಿಯನ್ನೇ ನೆಚ್ಚಿಕೊಂಡು, ಒಂದು ಲೆಕ್ಕಾಚಾರದ ಕ್ರಮವನ್ನು ರೂಪಿಸಿದರು. ಅದು ಲೆಕ್ಕವೇ ಹೊರತು ಉಪಕರಣವಲ್ಲ. ತಮ್ಮ ಮಾಪಕವನ್ನು ಕಣ್ಣಾರೆ ನೋಡಬೇಕೆಂದು ಪ್ರತಿವರ್ಷ ಜನ ಬರುತ್ತಾರೆಂದು ರಿಕ್ಟರ್ ಅವರೇ ನಗುತ್ತ ಹೇಳಿಕೊಂಡಿದ್ದುಂಟು. ‘ರಿಕ್ಟರ್ ಮಾಪಕದಲ್ಲಿ ದಾಖಲಾಗಿದೆ’ ಎಂದು ಬರೆಯುವ ನಮ್ಮ ವರದಿಗಾರರೂ ಆ ಸಾಲಿನಲ್ಲಿ ನಿಂತವರೇ. ಆ ಲೆಕ್ಕ ಸಣ್ಣ ಮತ್ತು ಮಧ್ಯಮ ಕಂಪನಗಳಿಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ಏಳನ್ನು ದಾಟಿದ ಕಂಪನದ ಮುಂದೆ ಕೈಚೆಲ್ಲುತ್ತದೆ. ಬೆನೊ ಗುಟೆನ್‌ಬರ್ಗ್ ಜೊತೆಗೂಡಿ ದೂರದ ದೊಡ್ಡ ಕಂಪನಗಳಿಗಾಗಿ ಬೆಳೆಸಿದ, ನೆಲದ ಮೇಲ್ಮೈಯಲ್ಲಿ ಸಾಗುವ ಅಲೆಗಳ ಲೆಕ್ಕವೂ ಎಂಟರ ಆಚೆ ಅದೇ ರೀತಿ ಮೊಂಡಾಗುತ್ತದೆ.

ಏಕೆ ಹೀಗಾಗುತ್ತದೆ ಎಂಬುದನ್ನು ತರಗತಿಯಲ್ಲಿ ನಾನು ಜವಳಿ ಅಂಗಡಿಯ ಉದಾಹರಣೆ ಕೊಟ್ಟು ಹೇಳುತ್ತಿದ್ದೆ. ಅಂಗಡಿಯವನು ಬಟ್ಟೆಯ ಅಂಚಿಗೆ ಕತ್ತರಿ ತಾಗಿಸಿ ಚರ್ರನೆ ಹರಿಯುತ್ತಾನೆ. ಗೇಣುದ್ದದ ಕರವಸ್ತ್ರ ಹರಿದರೂ ಆ ಸದ್ದು ಅಷ್ಟೇ ಜೋರು, ಇಡೀ ಥಾನನ್ನು ಹರಿದರೂ ಅಷ್ಟೇ ಜೋರು. ಹಿಂದೆ ತಿರುಗಿ ಕುಳಿತವನಿಗೆ ಎಷ್ಟು ಬಟ್ಟೆ ಹರಿಯಿತೆಂದು ತಿಳಿಯಬೇಕಾದರೆ ಸದ್ದು ಎಷ್ಟು ಹೊತ್ತು ಮುಂದುವರಿಯಿತು ಎಂಬುದನ್ನು ಕೇಳಿಸಿಕೊಳ್ಳಲೇಬೇಕು. ಹಳೆಯ ಲೆಕ್ಕಗಳು ಸದ್ದಿನ ಜೋರನ್ನಷ್ಟೇ ಅಳೆಯುತ್ತಿದ್ದವು. ಹೀಗಾಗಿ 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪಕ್ಕೂ 1960ರ ಚಿಲಿಯ ಭೂಕಂಪಕ್ಕೂ ಒಂದು ಕಾಲದ ಪುಸ್ತಕಗಳಲ್ಲಿ 8.3ರ ಆಸುಪಾಸಿನ ಅಂಕಿಗಳೇ ಇದ್ದವು, ಮತ್ತು ಪಟ್ಟಿಯ ತುದಿಯಲ್ಲಿ 8.9ರೊಂದಿಗೆ ಕುಳಿತಿದ್ದವು 1906ರ ಈಕ್ವೆಡಾರ್-ಕೊಲಂಬಿಯಾ ಕಂಪನ ಹಾಗೂ 1933ರ ಜಪಾನಿನ ಸನ್ರಿಕು ಕಂಪನ.

ಇದನ್ನು ತಲೆಕೆಳಗು ಮಾಡಿದವರು ಜಪಾನಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಭೂಕಂಪ ವಿಜ್ಞಾನಿ ಹಿರೂ ಕನಮೋರಿ. ಬಿರುಕು ಎಷ್ಟು ಉದ್ದ, ಎಷ್ಟು ಅಗಲ, ಅದರ ಎರಡು ಬದಿಗಳು ಒಂದರ ಮೇಲೊಂದು ಎಷ್ಟು ದೂರ ಜಾರಿದವು, ಅಲ್ಲಿಯ ಬಂಡೆ ಎಷ್ಟು ಬಿಗಿಯಾದದ್ದು ಎಂಬ ನಾಲ್ಕನ್ನು ಗುಣಿಸಿ ಬರುವ ಮೊತ್ತವನ್ನು ಕೇಯಿತಿ ಆಕಿ 1966ರಲ್ಲೇ ಲೆಕ್ಕಹಾಕಿ ತೋರಿಸಿದ್ದರು. ಕನಮೋರಿ 1977ರಲ್ಲಿ ಆ ಮೊತ್ತದಿಂದಲೇ ಭೂಕಂಪದ ಅಳತೆಯನ್ನು ಕಟ್ಟಿದರು, ಎರಡು ವರ್ಷಗಳ ನಂತರ ಥಾಮಸ್ ಹ್ಯಾಂಕ್ಸ್ ಜೊತೆ ಅದಕ್ಕೆ ಈಗಿನ ರೂಪ ಕೊಟ್ಟರು. ಈ ಅಳತೆಯಲ್ಲಿ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ, ಎರಡು ಅಂಕಿ ಏರಿದರೆ 1,000 ಪಟ್ಟು. ಸ್ಯಾನ್ ಫ್ರಾನ್ಸಿಸ್ಕೊ 7.9ಕ್ಕೆ ಇಳಿಯಿತು, ಚಿಲಿ 9.5ಕ್ಕೆ ಏರಿತು, ಒಂದೇ ಅಂಕಿ ಹೊತ್ತಿದ್ದ ಆ ಎರಡರ ನಡುವೆ ಶಕ್ತಿಯಲ್ಲಿ ಸುಮಾರು 250 ಪಟ್ಟು ಅಂತರವಿತ್ತು. ತಾವು ಪ್ರಕಟಿಸುವ ಪಟ್ಟಿ ಹುಟ್ಟಿದ್ದೇ ಆಗ. ಅದರಲ್ಲಿರುವ ಒಂದಂಕಿಯನ್ನೂ ರಿಕ್ಟರ್ ಲೆಕ್ಕದಿಂದ ಪಡೆಯಲು ಸಾಧ್ಯವಿಲ್ಲದಿರುವಾಗ, ಅದರ ತಲೆಯ ಮೇಲೆ ‘ರಿಕ್ಟರ್ ಮಾಪಕದಲ್ಲಿ’ ಎಂದು ಅಚ್ಚಾಗುತ್ತಲೇ ಇದೆ.

ಆ 9.5 ಎಂದರೆ ಏನೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿ ನಾಸ್ಕಾ ಎಂಬ ಸಾಗರತಳದ ಫಲಕ, ಅಂದರೆ ಭೂಮಿಯ ಹೊರಪದರದ ಒಂದು ದೊಡ್ಡ ತುಂಡು, ಖಂಡದ ಅಡಿಗೆ ನುಗ್ಗುತ್ತದೆ. 1960ರ ಮೇ 22ರ ಭಾನುವಾರ ಮಧ್ಯಾಹ್ನ 3 ಗಂಟೆ 11 ನಿಮಿಷಕ್ಕೆ, ಶತಮಾನಗಳಿಂದ ಕಚ್ಚಿಕೊಂಡು ನಿಂತಿದ್ದ ಆ ಜೋಡಣೆ ಸುಮಾರು 900 ಕಿಲೋಮೀಟರ್ ಉದ್ದಕ್ಕೆ ಬಿಟ್ಟುಕೊಂಡಿತು. ಬೀದರ್‌ನಿಂದ ಚಾಮರಾಜನಗರದವರೆಗಿನ ನಮ್ಮ ಇಡೀ ರಾಜ್ಯಕ್ಕಿಂತ ಉದ್ದವಾದ ಬಿರುಕು ಅದು, ಮತ್ತು ಅದರ ಎರಡು ಬದಿಗಳು ಇಪ್ಪತ್ತು ಮೀಟರ್, ಕೆಲವೆಡೆ ಅದಕ್ಕೂ ಹೆಚ್ಚು ಜಾರಿದವು. ಹಿಂದಿನ ದಿನವೇ ಉತ್ತರದ ಕಾನ್ಸೆಪ್ಸಿಯಾನ್ ಬಳಿ ಎಂಟನ್ನು ಮೀರಿದ ಒಂದು ಭೂಕಂಪವಾಗಿತ್ತು. ಮುಖ್ಯ ಕಂಪನಕ್ಕೆ ಸ್ವಲ್ಪ ಮುಂಚೆ ಇನ್ನೊಂದು ಜೋರಾದ ನಡುಕ ಬಂದು ಜನರನ್ನು ಮನೆಯಿಂದ ಹೊರಗೆ ಓಡಿಸಿತ್ತು. ಬಹಳ ಜನ ಉಳಿದದ್ದು ಆ ಮುನ್ನಡುಕದ ಪುಣ್ಯದಿಂದ. 38 ಗಂಟೆಗಳ ಮೇಲೆ ಕೊರ್ಡಾನ್ ಕೌಯೆ ಜ್ವಾಲಾಮುಖಿ ಉಗುಳತೊಡಗಿತು. ಇಡೀ ಭೂಗೋಳ ಬಾರಿಸಿದ ದೇವಸ್ಥಾನದ ಗಂಟೆಯಂತೆ ಮಿಡಿಯುತ್ತಿರುವುದನ್ನು ವಿಜ್ಞಾನಿಗಳು ಮೊದಲ ಬಾರಿಗೆ ಖಚಿತವಾಗಿ ದಾಖಲಿಸಿದ್ದೂ ಈ ಭೂಕಂಪದಲ್ಲೇ. ಆ ಮಿಡಿತಗಳಲ್ಲಿ ಅತಿ ಮಂದ್ರದ್ದು ಒಂದು ಸುತ್ತು ಮುಗಿಸಲು 54 ನಿಮಿಷ ತೆಗೆದುಕೊಳ್ಳುತ್ತದೆ.

ಚಿಲಿಯ ಎಂಜಿನಿಯರುಗಳು ಆಗ ಮಾಡಿದ ಒಂದು ಕೆಲಸ ನಮ್ಮಲ್ಲಿ ಅಷ್ಟಾಗಿ ಯಾರಿಗೂ ತಿಳಿದಿಲ್ಲವೆಂದು ಇಲ್ಲಿ ಹೇಳುತ್ತೇನೆ. ರಿನ್ಯಿವೆ ಸರೋವರದಿಂದ ಹೊರಡುವ ಸ್ಯಾನ್ ಪೆದ್ರೊ ನದಿಯ ಪಾತ್ರಕ್ಕೆ ಗುಡ್ಡಗಳು ಕುಸಿದು ಅಡ್ಡಗಟ್ಟೆಗಳೆದ್ದವು. ಸರೋವರ ದಿನದಿನಕ್ಕೆ ಏರುತ್ತಿತ್ತು, ಕಟ್ಟೆ ಒಮ್ಮೆಲೇ ಒಡೆದರೆ ಕೆಳಗಿನ ವಾಲ್ಡಿವಿಯಾ ನಗರ ಕೊಚ್ಚಿಹೋಗುವುದು ಖಚಿತವಾಗಿತ್ತು. ರಾವುಲ್ ಸಾಯೆಸ್ ಎಂಬ ಎಂಜಿನಿಯರ್ ಮುಂದಾಳಾಗಿ, ಬುಲ್ಡೋಜರ್‌ಗಳು ಹೂತುಹೋದ ಕೆಸರಿನಲ್ಲಿ ಗುದ್ದಲಿ ಹಿಡಿದ ಕಾರ್ಮಿಕರು, ಸುಮಾರು 24 ಮೀಟರ್ ಎತ್ತರದ ಮುಖ್ಯ ಕಟ್ಟೆಯನ್ನು 15 ಮೀಟರಿಗೆ ತಗ್ಗಿಸಿದರು. ಸುಮಾರು ಎರಡು ತಿಂಗಳ ನಂತರ ನೀರು ಹೊರಬಿದ್ದು ನಗರಕ್ಕೆ ನುಗ್ಗಿತಾದರೂ, ನಗರ ಕೊಚ್ಚಿಹೋಗದೆ ಉಳಿಯಿತು. ಭೂಕಂಪದ ಸುದ್ದಿ ಮೂರು ದಿನಕ್ಕೆ ಮುಗಿಯುತ್ತದೆ ಎಂದು ತಾವು ಭಾವಿಸಿದಾಗ, ದಯವಿಟ್ಟು ರಿನ್ಯಿವೆಯನ್ನು ನೆನಪಿಸಿಕೊಳ್ಳಿ.

ಅದೇ ಕಂಪನ ಎಬ್ಬಿಸಿದ ಅಲೆ ಶಾಂತಸಾಗರವನ್ನು ದಾಟಲು ಹೊರಟಿತ್ತು. ಸುಮಾರು 15 ಗಂಟೆಗಳ ನಂತರ ಅದು ಹವಾಯಿ ದ್ವೀಪದ ಹಿಲೊ ಪಟ್ಟಣವನ್ನು ಮುಟ್ಟಿತು. ಅಲ್ಲಿ ಸೈರನ್ ಗಂಟೆಗಟ್ಟಲೆ ಮುಂಚೆಯೇ ಕೂಗಿತ್ತು. ಸೈರನ್ನಿನ ಅರ್ಥ ಏನೆಂಬುದರ ಬಗ್ಗೆಯೇ ಜನರಲ್ಲಿ ಒಮ್ಮತವಿರಲಿಲ್ಲವಾದ್ದರಿಂದ, ಕೆಲವರು ಇನ್ನೊಂದು ಸೂಚನೆಗೆ ಕಾದರು, ಕೆಲವರು ಅಲೆ ನೋಡಲೆಂದೇ ಕೊಲ್ಲಿಯ ಕಡೆ ಹೋದರು. 61 ಜನ ಸತ್ತರು. ವೈಯಾಕೆಯ ಎಂಬ ಬಡಾವಣೆಯ ಬೀದಿ ಗಡಿಯಾರ ರಾತ್ರಿ 1 ಗಂಟೆ 4 ನಿಮಿಷಕ್ಕೆ ನಿಂತಿತು. ಅದನ್ನು ಹಾಗೆಯೇ ನಿಲ್ಲಿಸಿ ಇಂದಿಗೂ ಕಾಪಾಡಿಕೊಂಡಿದ್ದಾರೆ. ಇನ್ನೂ ಏಳು ಗಂಟೆ ಕಳೆದ ಮೇಲೆ ಅಲೆ ಜಪಾನ್ ತಲುಪಿ, ನೆಲ ಒಂದಿಷ್ಟೂ ನಡುಗದ ಊರುಗಳಲ್ಲಿ ಸುಮಾರು 140 ಜನರನ್ನು ಒಯ್ದಿತು. ಅವುಗಳಲ್ಲೊಂದು ಶಿಜುಗಾವಾ, ಇಂದಿನ ಮಿನಾಮಿಸನ್ರಿಕು. ಅಲ್ಲಿಯವರು ಚಿಲಿಯ ಅಲೆ ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಊರೊಳಗೆ ಫಲಕ ಹಾಕಿ ಗುರುತಿಸಿಟ್ಟರು, ಚಿಲಿಯವರು ಕೊಟ್ಟ ಮೊಆಯ್ ಶಿಲಾಮೂರ್ತಿಯೊಂದನ್ನು ನೆನಪಿಗಾಗಿ ನಿಲ್ಲಿಸಿಕೊಂಡರು. ಈ ಊರಿಗೆ ಮತ್ತೆ ಬರುತ್ತೇನೆ.

ಪಟ್ಟಿಯ ಎರಡನೆಯ ಸ್ಥಾನದ ಅಲಾಸ್ಕಾದ ಬಗ್ಗೆ ಒಂದೇ ಸಂಗತಿ. 1964ರ ಮಾರ್ಚ್ 27ರ ಗುಡ್ ಫ್ರೈಡೆಯ ಸಂಜೆ ಅಲ್ಲಿ ನೆಲ ನಾಲ್ಕೂವರೆ ನಿಮಿಷ ನಡುಗಿತು. ಆಗಿನ್ನೂ ಭೂಫಲಕಗಳ ಸಿದ್ಧಾಂತವೇ ಬೇರೂರಿರಲಿಲ್ಲ. ಜಾರ್ಜ್ ಪ್ಲಾಫ್ಕರ್ ಎಂಬ ಭೂವಿಜ್ಞಾನಿ ದೋಣಿ ಹಿಡಿದು ತೀರದುದ್ದಕ್ಕೂ ಅಲೆದು, ಬಂಡೆಗಳಿಗೆ ಅಂಟಿಕೊಂಡು ಬದುಕುವ ಬಿಳಿ ಚಿಪ್ಪಿನ ಬಾರ್ನಕಲ್‌ಗಳನ್ನು ಅಳೆದರು. ಈ ಜೀವಿಗಳು ಉಬ್ಬರದ ನೀರು ಮುಟ್ಟುವ ಒಂದು ಗೆರೆಯ ಮೇಲಕ್ಕೆ ಬೆಳೆಯುವುದಿಲ್ಲ. ಆ ಗೆರೆ ಈಗ ನೀರಿನಿಂದ ಎಷ್ಟು ಮೇಲೆ ಒಣಗಿ ನಿಂತಿದೆಯೋ ನೆಲ ಅಷ್ಟು ಎದ್ದಿದೆ ಎಂದು ಅರ್ಥ. ಮಾಂಟೆಗ್ಯೂ ದ್ವೀಪದಲ್ಲಿ ನೆಲ ಹತ್ತು ಮೀಟರಿಗೂ ಹೆಚ್ಚು ಎದ್ದಿತ್ತು, ಇತ್ತ ಒಳನಾಡಿನ ಕಡೆ ಅಷ್ಟೇ ವಿಸ್ತಾರದ ನೆಲ ತಗ್ಗಿತ್ತು. ಸಾಗರತಳ ಖಂಡದ ಅಡಿಗೆ ಜಾರುತ್ತದೆಂಬ ತಿಳಿವಳಿಕೆಗೆ ಸಿಕ್ಕ ಮೊದಮೊದಲ ಗಟ್ಟಿ ಪುರಾವೆಗಳಲ್ಲಿ ಸತ್ತ ಆ ಚಿಪ್ಪುಗಳ ಗೆರೆಯೂ ಒಂದು. ಇಂಥದ್ದನ್ನು ಬರೆದರೆ ಓದುಗರು ಓದುವುದಿಲ್ಲವೆಂದು ತಮಗೆ ಯಾರು ಹೇಳಿದರೋ ನಾನರಿಯೆ.

ಈಗ ಮೊದಲ ಅಂಕಿಯ ಅಪಾಯಕ್ಕೆ ಬರುತ್ತೇನೆ. 2004ರ ಡಿಸೆಂಬರ್ 26ರ ಬೆಳಿಗ್ಗೆ, ನಮ್ಮ ಸಮಯ 6 ಗಂಟೆ 28 ನಿಮಿಷಕ್ಕೆ, ಸುಮಾತ್ರಾದಿಂದ ನಮ್ಮದೇ ಅಂಡಮಾನಿನವರೆಗೆ ಸುಮಾರು 1,300 ಕಿಲೋಮೀಟರ್ ಉದ್ದದ ಬಿರುಕು ಬಿಚ್ಚಿಕೊಳ್ಳಲು ಎಂಟು-ಹತ್ತು ನಿಮಿಷಗಳೇ ಬೇಕಾದವು. ಹವಾಯಿಯಲ್ಲಿರುವ ಶಾಂತಸಾಗರ ಸುನಾಮಿ ಎಚ್ಚರಿಕೆ ಕೇಂದ್ರ ಕಾಲು ಗಂಟೆಯಲ್ಲಿ ಕೊಟ್ಟ ಮೊದಲ ಅಂದಾಜು 8.0. ಗಂಟೆಯ ಬಳಿಕ ಅದು 8.5 ಆಯಿತು, 9ನ್ನು ದಾಟಿದೆ ಎಂದು ತಿಳಿಯುವ ಹೊತ್ತಿಗೆ ಅಲೆಗಳು ತಮಿಳುನಾಡಿನ ತೀರವನ್ನೂ ಶ್ರೀಲಂಕಾವನ್ನೂ ಬಡಿದು ಮುಗಿಸಿದ್ದವು. ಹದಿನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಹಿಂದೂ ಮಹಾಸಾಗರದಲ್ಲಿ ಆಗ ಎಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲವಾದ್ದರಿಂದ ಅಂಕಿ ಸರಿಯಿದ್ದಿದ್ದರೂ ಏನಾಗುತ್ತಿತ್ತೋ ಹೇಳಲಾಗದು. ಆದರೆ ಯಾವ ಅಂಕಿಯನ್ನೂ ಕಾಯದ ಜನರಿದ್ದರು. ಬಿರುಕಿಗೆ ತೀರ ಹತ್ತಿರದ ಸಿಮೆಲುವೆ ದ್ವೀಪದವರು 1907ರ ಸುನಾಮಿಯ ನೆನಪನ್ನು ‘ಸ್ಮೊಂಗ್’ ಎಂಬ ಒಂದೇ ಮಾತಿನಲ್ಲಿ, ಅಜ್ಜಿ ಹೇಳುವ ಕಥೆಗಳಲ್ಲಿ ಉಳಿಸಿಕೊಂಡಿದ್ದರು. ನೆಲ ನಡುಗಿ ಕಡಲು ಹಿಂದೆ ಸರಿದಾಗ ಆ ಒಂದು ಕೂಗಿಗೆ ಗುಡ್ಡ ಹತ್ತಿದರು. 70,000ಕ್ಕೂ ಹೆಚ್ಚು ಜನರಲ್ಲಿ ಅಲೆಗೆ ಸಿಕ್ಕವರು ಬೆರಳೆಣಿಕೆಯವರು. ನಮ್ಮ ದೇಶದ ದಕ್ಷಿಣದ ತುದಿಯಾದ ಇಂದಿರಾ ಪಾಯಿಂಟ್ ಅಂದು ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು, ಅಲ್ಲಿಯ ದೀಪಸ್ತಂಭದ ಬುಡ ನೀರಿಗೆ ಸೇರಿತು.

ಜಪಾನಿನಲ್ಲಿ ವ್ಯವಸ್ಥೆ ಇತ್ತು, ಜಗತ್ತಿನಲ್ಲೇ ಅತ್ಯುತ್ತಮವಾದದ್ದು ಇತ್ತು. 2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ನೆಲ ನಡುಗಿದ ಮೂರೇ ನಿಮಿಷಗಳಲ್ಲಿ ಅಲ್ಲಿಯ ಹವಾಮಾನ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಆ ಮೂರು ನಿಮಿಷಗಳ ಸದ್ದನ್ನಷ್ಟೇ ಕೇಳಿ ಮಾಡಿದ ಅಂದಾಜು 7.9. ನಿಜವಾದ ಶಕ್ತಿ ಅದರ ಸುಮಾರು 60 ಪಟ್ಟು ಇತ್ತು. 7.9ಕ್ಕೆ ತಕ್ಕಂತೆ ಮಿಯಾಗಿ ಪ್ರಾಂತ್ಯಕ್ಕೆ 6 ಮೀಟರ್, ಇವಾತೆ ಮತ್ತು ಫುಕುಶಿಮಾಕ್ಕೆ 3 ಮೀಟರ್ ಅಲೆ ಎಂದು ಹೇಳಲಾಯಿತು. ಇಪ್ಪತ್ತೈದು ನಿಮಿಷಗಳ ಮೇಲೆ ಮಿಯಾಗಿಯ ಅಂಕಿಯನ್ನು 10 ಮೀಟರಿಗೂ ಹೆಚ್ಚು ಎಂದು ತಿದ್ದಿದರಾದರೂ, ಅಷ್ಟರಲ್ಲಿ ವಿದ್ಯುತ್ ಹೋಗಿ ತಿದ್ದುಪಡಿ ಕೇಳಿಸದೆ ಹೋದವರು ಬಹಳ ಜನ. ಚಿಲಿಯ ಅಲೆಯ ಗುರುತನ್ನು ಊರೊಳಗೆ ಹಾಕಿಕೊಂಡಿದ್ದ ಮಿನಾಮಿಸನ್ರಿಕುವಿನಲ್ಲಿ, ವಿಪತ್ತು ನಿರ್ವಹಣೆಗೆಂದೇ ಕಟ್ಟಿದ ಮೂರಂತಸ್ತಿನ ಕಟ್ಟಡದಿಂದ ಪುರಸಭೆಯ ಸಿಬ್ಬಂದಿ ಧ್ವನಿವರ್ಧಕದಲ್ಲಿ ಕೊನೆಯವರೆಗೂ ಎಚ್ಚರಿಸುತ್ತಲೇ ಇದ್ದರು. ನೀರು ಆ ಕಟ್ಟಡದ ಮಾಳಿಗೆಯನ್ನು ಮೀರಿ ಹರಿಯಿತು. ಮಾಳಿಗೆಯ ಕಬ್ಬಿಣದ ಕಂಬಿಗಳಿಗೆ ಜೋತುಬಿದ್ದ ಕೆಲವರಷ್ಟೇ ಉಳಿದರು. ಇಂದು ಗೋಡೆಗಳೆಲ್ಲ ಹೋಗಿ ಕೆಂಪು ಉಕ್ಕಿನ ಹಂದರ ಮಾತ್ರ ಅಲ್ಲಿ ನಿಂತಿದೆ.

ಈ ಅನುಭವದಿಂದ ಜಪಾನಿನ ಹವಾಮಾನ ಸಂಸ್ಥೆ ಕಲಿತದ್ದನ್ನು ತಾವೂ ಗಮನಿಸಬೇಕೆಂದು ನನ್ನ ಕೋರಿಕೆ. ಕಂಪನ ಎಂಟನ್ನು ಮೀರಿದೆ ಎಂಬ ಶಂಕೆ ಇದ್ದು ಸರಿಯಾದ ಅಳತೆ ಕೈಗೆ ಸಿಗದಿದ್ದಾಗ, 2013ರಿಂದ ಆ ಸಂಸ್ಥೆ ಮೊದಲ ಎಚ್ಚರಿಕೆಯಲ್ಲಿ ಅಲೆಯ ಎತ್ತರದ ಜಾಗದಲ್ಲಿ ಮೀಟರ್ ಲೆಕ್ಕವನ್ನೇ ಕೊಡದೆ, ‘ಅತಿ ದೊಡ್ಡದು’ ಎಂಬರ್ಥದ ಒಂದು ಪದವನ್ನು ಬಳಸುತ್ತದೆ. ಅಂಕಿಗಳಲ್ಲೇ ಉಸಿರಾಡುವ ಸಂಸ್ಥೆ, ಜನ ಬದುಕಲೆಂದು ಅಂಕಿಯನ್ನು ಬದಿಗಿಟ್ಟಿತು. ಅಂಥ ಸಂಸ್ಥೆಗೇ ಮೊದಲ ಅರ್ಧ ಗಂಟೆಯ ಅಂಕಿಯ ಮೇಲೆ ನಂಬಿಕೆ ಇಲ್ಲದಿರುವಾಗ, ನಮ್ಮ ಪರದೆಗಳ ಮೇಲೆ ಅದು ದಶಮಾಂಶ ಸಮೇತ ಕೆಂಪಕ್ಷರದಲ್ಲಿ, ‘ಅಂದಾಜು’ ಎಂಬ ಒಂದು ಪದವೂ ಇಲ್ಲದೆ ಹೊಳೆಯುತ್ತಿರುತ್ತದೆ. ಕಮ್ಚಾಟ್ಕಾದ ಆ ಬೆಳಿಗ್ಗೆ 8.0ರಿಂದ 8.8ಕ್ಕೆ ಏರಿದಾಗ, ಶಕ್ತಿಯ ಲೆಕ್ಕ ಹದಿನಾರು ಪಟ್ಟು ಏರಿತ್ತು.

ಎರಡನೆಯ ತಕರಾರು ನಮ್ಮ ಭಾಷೆಯದ್ದು. ಭೂಕಂಪಕ್ಕೆ ಎರಡು ಬೇರೆ ಅಳತೆಗಳಿವೆ. ಬಿರುಕಿನ ಬಳಿ ಬಿಡುಗಡೆಯಾದ ಒಟ್ಟು ಶಕ್ತಿಯದ್ದೊಂದು. ಅದು ಇಡೀ ಭೂಕಂಪಕ್ಕೆ ಒಂದೇ. ನಿಂತ ಜಾಗದಲ್ಲಿ ನೆಲ ಎಷ್ಟು ಅಲುಗಿತು ಎಂಬುದು ಇನ್ನೊಂದು. ಅದು ಊರೂರಿಗೆ, ಕೆಲವೊಮ್ಮೆ ಓಣಿಓಣಿಗೆ ಬೇರೆ. ಬಲ್ಬಿನ ಮೇಲೆ ಬರೆದ ವ್ಯಾಟ್ ಒಂದೇ, ಆದರೆ ದೀಪದ ಕೆಳಗೆ ಕುಳಿತವನಿಗೂ ಅಂಗಳದಲ್ಲಿ ನಿಂತವನಿಗೂ ಬೆಳಕು ಒಂದೇ ಅಲ್ಲವಲ್ಲ, ಹಾಗೆ. ಮೊದಲನೆಯದಕ್ಕೆ ‘ಪರಿಮಾಣ’ ಎಂಬ ಪದ ನಮ್ಮಲ್ಲಿದೆ, ಎರಡನೆಯದಕ್ಕೆ ‘ತೀವ್ರತೆ’ ಎಂಬುದು ಹೇಳಿ ಮಾಡಿಸಿದಂತಿದೆ. ಆದರೆ ಸುದ್ದಿಮನೆಗಳು ಎರಡಕ್ಕೂ ತೀವ್ರತೆ ಎಂದೇ ಬರೆದು ಬರೆದು, ಓದುಗನ ಮನಸ್ಸಿನಲ್ಲಿ ಅಂಕಿ ದೊಡ್ಡದಾದರೆ ಸಾವೂ ದೊಡ್ಡದು ಎಂಬ ಲೆಕ್ಕ ಗಟ್ಟಿಯಾಗಿ ಕುಳಿತುಬಿಟ್ಟಿದೆ.

ಆ ಲೆಕ್ಕ ಎಷ್ಟು ಸುಳ್ಳೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ನಾನು ಆಳಂದದ ಬಾಡಿಗೆ ಮನೆಯಲ್ಲಿ ಮಲಗಿದ್ದೆ. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ ಬಂದಿದ್ದೆವು. ಗೂಟಕ್ಕೆ ತೂಗುಹಾಕಿದ್ದ ಹಿತ್ತಾಳೆಯ ತಂಬಿಗೆ ಗೋಡೆಗೆ ಟಣಟಣ ಬಡಿದುಕೊಳ್ಳುವ ಸದ್ದಿಗೆ ಎಚ್ಚರವಾಯಿತು, ಕಣ್ಣು ಬಿಟ್ಟರೆ ಜಂತಿಗಳ ಸಂದಿಯಿಂದ ಮಣ್ಣು ಹಾಸಿಗೆಯ ಮೇಲೆ ಉದುರುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯ ಸುದ್ದಿ ಬಂತು. ನಾಲ್ಕೈದು ದಿನದ ಮೇಲೆ ನಾವು ಕೆಲವು ಶಿಕ್ಷಕರು ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು ಅಲ್ಲಿಗೆ ಹೋದೆವು. ಬಿದ್ದ ಮನೆಗಳು ನಮ್ಮೂರಿನ ಮನೆಗಳಂಥವೇ. ಮಣ್ಣಿನಲ್ಲಿ ಜೋಡಿಸಿದ ಉರುಟು ಕಲ್ಲಿನ ಎರಡು ಮೊಳ ದಪ್ಪದ ಗೋಡೆ, ಅದರ ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಮಾಳಿಗೆಗೆ ಪ್ರತಿವರ್ಷ ಹೊಸ ಮಣ್ಣು ಏರಿಸುವುದು ಎರಡೂ ಕಡೆಯ ಪದ್ಧತಿ. ಮುರಿದು ಬಿದ್ದ ಒಂದು ಮಾಳಿಗೆಯ ಅಂಚಿನಲ್ಲಿ ಆ ವರ್ಷವರ್ಷದ ಪದರುಗಳು ಬಣ್ಣಬಣ್ಣವಾಗಿ ಎಣಿಸುವಂತೆ ಕಾಣುತ್ತಿದ್ದವು. ಅಜ್ಜನ ಕಾಲದಿಂದ ಏರಿಸಿದ ಅಷ್ಟೂ ಮಣ್ಣು ಮಲಗಿದವರ ಮೇಲೆ ಒಂದೇ ಸಲಕ್ಕೆ ಇಳಿದಿತ್ತು.

ಕಿಲ್ಲಾರಿಯ ಪರಿಮಾಣ 6.2. ಅಂಥ ಕಂಪನಗಳು ಜಗತ್ತಿನಲ್ಲಿ ಪ್ರತಿವರ್ಷ ನೂರರ ಲೆಕ್ಕದಲ್ಲಿ ಆಗುತ್ತವೆ. ಚಿಲಿಯ 9.5ರ ಶಕ್ತಿ ಅದರ ಸುಮಾರು 90,000 ಪಟ್ಟು. ಚಿಲಿಯಲ್ಲಿ ಸತ್ತವರ ಅಂದಾಜು ಸುಮಾರು 1,000ದಿಂದ 6,000ದವರೆಗೆ ಇದೆ. ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸತ್ತವರು 10,000ಕ್ಕೆ ಹತ್ತಿರ. ಹೆಚ್ಚು ಅಪಾಯವಿಲ್ಲದ ಪ್ರದೇಶವೆಂದು ಭೂಪಟದಲ್ಲಿ ಗುರುತಿಸಿದ್ದ ನೆಲ ಅದು. 2010ರ ಜನವರಿ 12ರಂದು ಹೈಟಿಯಲ್ಲಿ ಆದ 7.0ರ ಭೂಕಂಪಕ್ಕೆ ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ಆರೇಳು ವಾರಗಳ ನಂತರ ಫೆಬ್ರುವರಿ 27ರಂದು ಚಿಲಿಯಲ್ಲಿ ಅದರ ಸುಮಾರು 500 ಪಟ್ಟು ಶಕ್ತಿಯ 8.8ರ ಭೂಕಂಪಕ್ಕೆ ಸತ್ತವರು ಐನೂರರ ಆಸುಪಾಸು. 2015ರಲ್ಲಿ ಅದೇ ಚಿಲಿಯಲ್ಲಿ 8.3 ಬಂದಾಗ ಹತ್ತು ಲಕ್ಷ ಜನ ತೀರ ಬಿಟ್ಟು ಮೇಲಕ್ಕೆ ಹೋದರು, ಸತ್ತವರು 15. ಈ ಅಂತರವನ್ನು ಕಟ್ಟಿದವರು ಮೇಸ್ತ್ರಿಗಳು, ಎಂಜಿನಿಯರುಗಳು, ನಿಯಮ ಪಾಲಿಸದ ಕಟ್ಟಡಕ್ಕೆ ಸಹಿ ಹಾಕಲು ಒಪ್ಪದ ಅಧಿಕಾರಿಗಳು. ಅವರ ಬಗ್ಗೆ ನಮ್ಮಲ್ಲಿ ಒಂದು ವರದಿಯೂ ಬಂದದ್ದನ್ನು ನಾನು ಕಂಡಿಲ್ಲ.

ಅಂಕಿಯೊಂದೇ ಎಷ್ಟು ಕಡಿಮೆ ಹೇಳುತ್ತದೆಂಬುದಕ್ಕೆ ಬೆಂಗಳೂರಿನವರಿಗೇ ನೆನಪಿರುವ ಸಾಕ್ಷಿಯೊಂದಿದೆ. 2012ರ ಏಪ್ರಿಲ್ 11ರ ಮಧ್ಯಾಹ್ನ ಎತ್ತರದ ಕಟ್ಟಡಗಳು ತೂಗಿ ಕಚೇರಿಗಳ ಜನ ಬೀದಿಗೆ ಬಂದರಲ್ಲ, ಆಗ ಸುಮಾತ್ರಾದಾಚೆಯ ಕಡಲಲ್ಲಿ ಆದದ್ದು 8.6. ಎರಡು ಗಂಟೆಗಳ ನಂತರ ಇನ್ನೊಂದು, 8.2. ವಾಹಿನಿಗಳು ಸಂಜೆಯವರೆಗೆ 2004ರ ಚಿತ್ರಗಳನ್ನೇ ಮತ್ತೆ ಮತ್ತೆ ತೋರಿಸಿದವು. ಆದರೆ ಹೇಳಿಕೊಳ್ಳುವಂಥ ಸುನಾಮಿ ಬರಲಿಲ್ಲ. ಅಂದು ಬಿರುಕಿನ ಎರಡು ಬದಿಗಳು ಅಡ್ಡಡ್ಡಕ್ಕೆ ಸರಿದಿದ್ದವು; ಕಡಲ ತಳ ಮೇಲೆದ್ದು ನೀರನ್ನು ಎತ್ತಿರಲಿಲ್ಲ. ಅದೇ 8.6, ನಮ್ಮದೇ ದೇಶದ ನೆಲದಲ್ಲಿ ಏನು ಮಾಡಿತ್ತೆಂಬುದು ಮಾತ್ರ ನಮ್ಮ ಪಟ್ಟಿಗಳಲ್ಲಿ ವಿರಳವಾಗಿ ಕಾಣುತ್ತದೆ. 1950ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಹಬ್ಬ ಮುಗಿದ ಸಂಜೆ ಏಳೂವರೆ ದಾಟಿದ ಹೊತ್ತಿಗೆ, ಅಸ್ಸಾಂ-ಟಿಬೆಟ್ ಗಡಿಯಲ್ಲಿ ಆದ ಭೂಕಂಪ ಉಪಕರಣಗಳು ದಾಖಲಿಸಿದ ಖಂಡಗಳೊಳಗಿನ ಕಂಪನಗಳಲ್ಲೇ ದೊಡ್ಡದು. ಅಂದು ನಾರ್ವೆಯ ಸರೋವರಗಳಲ್ಲಿಯೂ ನೀರು ತುಳುಕಿತು. ಸುಬನ್‌ಸಿರಿ ನದಿಗೆ ಗುಡ್ಡ ಕುಸಿದು ಕಟ್ಟಿದ ತಡೆ ಎಂಟು ದಿನಗಳ ಮೇಲೆ ಒಡೆದು, ಕೆಳಗಿನ ಹಳ್ಳಿಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ರಿನ್ಯಿವೆಯಲ್ಲಿ ಗುದ್ದಲಿ ಹಿಡಿದವರು ತಪ್ಪಿಸಿದ್ದು ಇದನ್ನೇ.

ಇಂಥ ಪ್ರತಿ ಸಂದರ್ಭದಲ್ಲೂ ‘ಕರ್ನಾಟಕಕ್ಕೂ ಕಾದಿದೆಯೇ ಗಂಡಾಂತರ’ ಎಂಬ ಶೀರ್ಷಿಕೆಯಡಿ ಜ್ಯೋತಿಷಿಗಳನ್ನು ಕೂರಿಸುವುದು ರೂಢಿಯಾಗಿದೆ. ಅವರ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಪ್ರಶ್ನೆಗೆ ಮಾತ್ರ ಉತ್ತರವಿದೆ. ಒಂಬತ್ತರ ಭೂಕಂಪಕ್ಕೆ ನೂರಾರು ಕಿಲೋಮೀಟರ್ ಉದ್ದದ, ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವ ಗಡಿ ಬೇಕು. ದಖ್ಖನ್ನಿನ ನೆಲದಡಿಯಲ್ಲಿ ಅಂಥದ್ದಿಲ್ಲ. ಆದರೆ 6.2ಕ್ಕೆ ಅದು ಬೇಡವೆಂಬುದನ್ನು ಕಿಲ್ಲಾರಿ ತೋರಿಸಿದೆ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಪದೇ ಪದೇ ಬಂದ ಸಣ್ಣ ನಡುಕಗಳಿಗೆ ಹೆದರಿ ಅಂಗಳದಲ್ಲಿ ಮಲಗಿದಾಗ, ಅವರ ತಲೆಯ ಮೇಲಿನ ಮಾಳಿಗೆ ಎಂಥದ್ದೆಂದು ಕೇಳಿದ ವರದಿಗಾರರು ಎಷ್ಟು ಜನ? ನಮ್ಮ ಕರಾವಳಿಯ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಇರುವುದು ಪಾಕಿಸ್ತಾನ-ಇರಾನ್ ತೀರದ ಮಕ್ರಾನ್ ಬಿರುಕಿನ ಬಗ್ಗೆ. 1945ರ ನವೆಂಬರ್ 28ರಂದು ಅಲ್ಲಿಂದ ಹೊರಟ ಅಲೆ ಮುಂಬಯಿಯವರೆಗೆ ಬಂದು ಜನರನ್ನು ಸೆಳೆದೊಯ್ದಿತ್ತು. ಹೈದರಾಬಾದಿನಲ್ಲಿ 2007ರ ಅಕ್ಟೋಬರ್‌ನಿಂದ ನಮ್ಮದೇ ಸುನಾಮಿ ಎಚ್ಚರಿಕೆ ಕೇಂದ್ರ ಕೆಲಸ ಮಾಡುತ್ತಿದೆ. ಅಲ್ಲಿಂದ ಒಂದು ಎಚ್ಚರಿಕೆ ಹೊರಟರೆ ಕಾರವಾರದ, ಮಲ್ಪೆಯ ಬಂದರಿನಲ್ಲಿ ಅದನ್ನು ಯಾರು, ಯಾವ ಭಾಷೆಯಲ್ಲಿ, ಎಷ್ಟು ನಿಮಿಷದಲ್ಲಿ ಕೂಗಿ ಹೇಳುತ್ತಾರೆಂಬುದನ್ನು ತಮ್ಮ ಪ್ರತಿನಿಧಿಗಳು ಹೋಗಿ ಕೇಳಿ ಬರೆಯಲಿ.

ಕಮ್ಚಾಟ್ಕಾದ ಅಂಕಿಗೆ ಅರ್ಥ ಸಿಗುತ್ತಿದ್ದದ್ದೂ ಇಂಥದ್ದೇ ಒಂದು ಊರಿನ ಕಥೆಯಿಂದ. 1952ರ ನವೆಂಬರಿನಲ್ಲಿ ಅದೇ ಬಿರುಕು 9.0ರಷ್ಟು ಜಾರಿದಾಗ ಸೆವೆರೊ-ಕುರಿಲ್ಸ್ಕ್ ಎಂಬ ಮೀನುಗಾರರ ಪಟ್ಟಣ ಅಲೆಗೆ ಅಳಿಸಿಹೋಗಿತ್ತು. 2,300ಕ್ಕೂ ಹೆಚ್ಚು ಜನ ಸತ್ತರು, ಸೋವಿಯತ್ ಸರ್ಕಾರ ಆ ಸುದ್ದಿಯನ್ನು ದಶಕಗಳ ಕಾಲ ಮುಚ್ಚಿಟ್ಟಿತು. ಆಮೇಲೆ ಊರನ್ನು ಎತ್ತರದಲ್ಲಿ ಮತ್ತೆ ಕಟ್ಟಿದರು. 2025ರಲ್ಲಿ ಅಲೆ ಪುನಃ ಬಂದು ಕೆಳಗಿನ ಬಂದರನ್ನು ಮುಳುಗಿಸಿತು, ಜನ ಮೇಲೆ ನಿಂತು ನೋಡಿದರು. ಆ ಬೆಳಿಗ್ಗೆಯ ನಿಜವಾದ ಸುದ್ದಿ ಇದಾಗಿತ್ತು. ಮೂರು ಭೂಕಂಪಗಳನ್ನು ಎಣಿಸುವ ಭರದಲ್ಲಿ ಅದು ಕೈತಪ್ಪಿತು.

ತಮ್ಮಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ಸಲ ಇಂಥ ಸುದ್ದಿ ಬಂದಾಗ ‘ರಿಕ್ಟರ್ ಮಾಪಕದಲ್ಲಿ 8.0 ತೀವ್ರತೆ’ ಎಂಬುದರ ಬದಲು ‘ಪರಿಮಾಣ 8.0, ಮೊದಲ ಅಂದಾಜು, ಏರಬಹುದು’ ಎಂದು ಹಾಕಿ ನೋಡಿ. ಎರಡನ್ನೂ ಕಾಗದದ ಮೇಲೆ ಬರೆದು ಅಕ್ಷರ ಎಣಿಸಿದ್ದೇನೆ. ಪರದೆಯ ಪಟ್ಟಿಯಲ್ಲಿ ಅದಕ್ಕೆ ನಾಲ್ಕಾರು ಅಕ್ಷರಗಳ ಜಾಗ ಹೆಚ್ಚು ಬೇಕು, ಅಷ್ಟೇ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಕಲಬುರಗಿ